ಇಎಸ್‌ಐ ಭತ್ಯೆ ಮುಗಿಸಿ ಕೆಲಸಕ್ಕೆ ಮರಳಿದ್ದು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಪ್ರೆಸ್ ಶಾಪ್‌ಗಳಲ್ಲಿ, ಅಂದರೆ ತಗಡನ್ನು ಯಂತ್ರದಲ್ಲಿ ಒತ್ತಿ ಬಿಡಿಭಾಗ ಮಾಡುವ ಘಟಕಗಳಲ್ಲಿ, ದುಡಿಯುವವರಿಗೆ ಬೆರಳು ಕಳೆದುಕೊಂಡ ಸಹೋದ್ಯೋಗಿ ಹೊಸಬನೇನಲ್ಲ. ನಾನು ಕಂಡ ಹಲವರು ಗಾಯ ಮಾಗಿದ ಕೂಡಲೇ ಕೆಲಸಕ್ಕೆ ಮರಳಿದ್ದಾರೆ. ಕೆಲಸಕ್ಕೆ ಮರಳಿದ ದಿನವೇ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಜೊತೆಗಿನ ತಮ್ಮ ವ್ಯವಹಾರ ಮುಗಿಯಿತು ಎಂದು ನಂಬಿ, ಇದ್ದ ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಟ್ಟದ ಮೇಲೆ ಇಟ್ಟಿದ್ದಾರೆ. ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ಕೆಲಸಕ್ಕೆ ಮರಳಿದಾಗ ನಿಲ್ಲುವುದು ತಾತ್ಕಾಲಿಕ ಅಂಗವೈಕಲ್ಯ ಭತ್ಯೆ, ಅಂದರೆ ಕಚೇರಿಯಲ್ಲಿ ಎಲ್ಲರೂ ಟಿಡಿಬಿ ಎನ್ನುವ ಹಣ. ಅದನ್ನು ಕ್ರಮವಾಗಿ ಮುಗಿಸಿದವನಿಗೆ ಪಿಡಿಬಿ, ಅಂದರೆ ಶಾಶ್ವತ ಅಂಗವೈಕಲ್ಯ ಭತ್ಯೆಯನ್ನು ಕೇಳುವ ಹಕ್ಕು ಇರುತ್ತದೆ, ಮತ್ತು ಆ ಭತ್ಯೆಗೆ ಕೆಲಸ ಮಾಡುವುದು ಅಡ್ಡಿಯಲ್ಲ. ನನ್ನ ಎಡಗೈಯ ವಿಷಯದಲ್ಲಿ ಇದು ಹೇಗೆ ನಡೆಯಿತು ಎಂಬುದನ್ನು, ಇಂಥದೇ ಸ್ಥಿತಿಯಲ್ಲಿರುವವರಿಗೆ ಉಪಯೋಗವಾಗಲಿ ಎಂದು, ವಿವರವಾಗಿ ಬರೆಯುತ್ತಿದ್ದೇನೆ.

ಅಪಘಾತ ನಡೆದದ್ದು 2022ರ ಮಳೆಗಾಲದಲ್ಲಿ. ವಾಹನಗಳ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ನಾನು ಪವರ್ ಪ್ರೆಸ್ ಆಪರೇಟರ್ ಆಗಿದ್ದೆ. ಡೈಯಲ್ಲಿ, ಅಂದರೆ ಪ್ರೆಸ್‌ನ ಅಚ್ಚಿನಲ್ಲಿ, ಸಿಕ್ಕಿಕೊಂಡ ತಗಡಿನ ತುಂಡನ್ನು ತೆಗೆಯುವಾಗ ಪ್ರೆಸ್ ಇಳಿಯಿತು. ತೋರುಬೆರಳಿನ ಎರಡು ಗೆಣ್ಣುಗಳೂ ನಡುಬೆರಳಿನ ಒಂದು ಗೆಣ್ಣೂ ಹೋದವು. ಅದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಬೇಕಾದ್ದಿಲ್ಲ. ಆದರೆ ಅಂದೇ ನಡೆದ ಒಂದು ಕೆಲಸವನ್ನು ಹೇಳಲೇಬೇಕು: ಸೂಪರ್‌ವೈಸರ್ ನನ್ನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ, ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ವಿವರ ಬರೆಸಿ, ನಮೂನೆ 12ರಲ್ಲಿ ಅಪಘಾತದ ವರದಿಯನ್ನು 24 ಗಂಟೆಯೊಳಗೆ ಇಎಸ್‌ಐಗೆ ಕಳುಹಿಸುವಂತೆ ನೋಡಿಕೊಂಡರು. ಆ ವರದಿ ಇದ್ದುದರಿಂದಲೇ ನನ್ನ ಗಾಯ ಕೆಲಸದಿಂದಾದ ಗಾಯ ಎಂದು ಒಪ್ಪಿತವಾಯಿತು. ಅದಿಲ್ಲದಿದ್ದರೆ ನನಗೆ ದೊರೆಯುತ್ತಿದ್ದುದು ಸಾಮಾನ್ಯ ಕಾಯಿಲೆ ಭತ್ಯೆ, ಅಂದರೆ ಕೂಲಿಯ ಶೇ. 70 ಮಾತ್ರ, ಅದೂ ವರ್ಷಕ್ಕೆ 91 ದಿನಗಳ ಮಿತಿಗೆ ಒಳಪಟ್ಟು. ಕೆಲಸದಿಂದಾದ ಗಾಯಕ್ಕೆ ಸರಾಸರಿ ದಿನಗೂಲಿಯ ಶೇ. 90 ಸಿಗುತ್ತದೆ, ಅಸಮರ್ಥತೆ ಇರುವವರೆಗೂ ಸಿಗುತ್ತದೆ, ಮತ್ತು ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾಗಿದ್ದರೂ ಸಿಗುತ್ತದೆ.

ಆಗ ನನ್ನ ತಿಂಗಳ ವೇತನ 18,000 ರೂಪಾಯಿ, ಸರಾಸರಿ ದಿನಗೂಲಿ 600 ಎಂದು ಲೆಕ್ಕವಾಯಿತು. ದಿನಕ್ಕೆ 540 ರೂಪಾಯಿಯಂತೆ, ಭಾನುವಾರಗಳನ್ನೂ ಸೇರಿಸಿ, ಭತ್ಯೆ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಅದಕ್ಕಾಗಿ ಮಾಡಬೇಕಾದ್ದು ಇಷ್ಟು: ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರು ಕೊಡುವ ಪ್ರಮಾಣಪತ್ರವನ್ನು ನಮೂನೆ 9ರ ಅರ್ಜಿಯೊಡನೆ ಇಎಸ್‌ಐ ಶಾಖಾ ಕಚೇರಿಗೆ ಒಪ್ಪಿಸುವುದು. ಮೊದಲ ಪ್ರಮಾಣಪತ್ರ, ಆಮೇಲೆ ವಾರ ವಾರದ ಮಧ್ಯಂತರ ಪ್ರಮಾಣಪತ್ರಗಳು, ಗಾಯ ಬೇಗ ವಾಸಿಯಾಗುವಂಥದಲ್ಲ ಎಂದು ಖಚಿತವಾದ ಮೇಲೆ ನಾಲ್ಕು ವಾರಕ್ಕೊಮ್ಮೆ ಕೊಡುವ ವಿಶೇಷ ಮಧ್ಯಂತರ ಪ್ರಮಾಣಪತ್ರ, ಕಡೆಯಲ್ಲಿ ಅಂತಿಮ ಪ್ರಮಾಣಪತ್ರ. ಈ ಸರಣಿಯ ಕೊನೆಯ ಕಾಗದವೇ ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದದ್ದು ಎಂಬುದನ್ನು ನನಗೆ ಮೊದಲು ಹೇಳಿದವರು ಪಕ್ಕದ ಕಾರ್ಖಾನೆಯ ಕಾರ್ಮಿಕ ಸಂಘದಲ್ಲಿ ಬಹಳ ಕಾಲ ದುಡಿದು ನಿವೃತ್ತರಾಗಿದ್ದ ಹಿರಿಯರೊಬ್ಬರು. ಡಿಸ್ಪೆನ್ಸರಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಅವರು ನನ್ನ ಕೈಯ ಬ್ಯಾಂಡೇಜ್ ನೋಡಿ, "ಫೈನಲ್ ತಗೊಳ್ದೆ ಮಾತ್ರ ಕೆಲಸಕ್ಕೆ ಹೋಗ್ಬೇಡಪ್ಪ. ಅದಿಲ್ಲ ಅಂದ್ರೆ ಬೋರ್ಡಿಗೆ ಹೋಗೋಕೆ ಆಗಲ್ಲ" ಎಂದರು. ಬೋರ್ಡ್ ಎಂದರೆ ಶಾಶ್ವತ ನಷ್ಟ ಎಷ್ಟೆಂದು ನಿರ್ಧರಿಸುವ ವೈದ್ಯಕೀಯ ಮಂಡಳಿ ಎಂಬುದನ್ನು ನಾನು ಅವರಿಂದಲೇ ಕೇಳಿ ತಿಳಿದೆ.

ದಸರಾ ಹತ್ತಿರ ಬಂದಾಗ ಕಾರ್ಖಾನೆಯಲ್ಲಿ ಆರ್ಡರ್‌ಗಳ ಒತ್ತಡ ಹೆಚ್ಚಿತ್ತು. ಹೊಸದಾಗಿ ಸೇರಿದ್ದ ಹುಡುಗರಿಗೆ ಡೈ ಸೆಟ್ಟಿಂಗ್ ಬರುತ್ತಿರಲಿಲ್ಲ. ಎಚ್‌ಆರ್ ವಿಭಾಗದಿಂದ ಫೋನ್ ಬಂತು. "ಕೈಯಿಂದ ಏನೂ ಮಾಡೋದು ಬೇಡ, ಸುಮ್ನೆ ಬಂದು ಕೂತು ಹುಡುಗರಿಗೆ ಹೇಳಿಕೊಡಿ ಸಾಕು. ಪಂಚ್ ಮಾಡೋದೂ ಬೇಡ. ನಿಮ್ಮ ಇಎಸ್‌ಐ ದುಡ್ಡು ಹೇಗಿದ್ರೂ ಬರ್ತಾ ಇರುತ್ತೆ, ನಾವು ಕೈಗೆ ಸ್ವಲ್ಪ ಕೊಡ್ತೀವಿ" ಎಂದರು. ಮಾತು ಮೃದುವಾಗಿಯೇ ಇತ್ತು, ಮನೆಯಲ್ಲಿ ಹಣದ ಅಗತ್ಯವೂ ಇತ್ತು. ಹೀಗೆ ಕರೆದಾಗ ಹೋಗಿ ಕೂತವರನ್ನು ನಾನು ಬಲ್ಲೆ, ಅವರ ಬಗ್ಗೆ ನನಗೆ ದೂರಿಲ್ಲ. ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಯಾರನ್ನೂ ಕಾಯುವುದಿಲ್ಲ.

ಆದರೂ ನಾನು ಹೋಗಲಿಲ್ಲ. ಅದಕ್ಕೆ ಕಾರಣ ಆಗ ಜಾರಿಯಲ್ಲಿದ್ದ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯ 63ನೇ ಕಲಮು. ಯಾವ ದಿನ ಕೆಲಸ ಮಾಡಿದ್ದೀರೋ, ಅಥವಾ ಯಾವ ದಿನದ ರಜೆಗೆ ಕಾರ್ಖಾನೆಯಿಂದ ವೇತನ ಪಡೆದಿದ್ದೀರೋ, ಆ ದಿನಕ್ಕೆ ತಾತ್ಕಾಲಿಕ ಭತ್ಯೆ ಸಲ್ಲುವುದಿಲ್ಲ ಎಂದು ಅದು ಹೇಳುತ್ತಿತ್ತು. ಸಲ್ಲದ ಭತ್ಯೆ ಪಡೆದರೆ ಹಿಂದಿರುಗಿಸಬೇಕು, ಸುಳ್ಳು ಹೇಳಿಕೆ ಕೊಟ್ಟು ಪಡೆದದ್ದಾದರೆ ಅದು ಶಿಕ್ಷಾರ್ಹ ಅಪರಾಧವೂ ಹೌದು. ನಮೂನೆ 9ರಲ್ಲಿ ಪ್ರತಿ ಸಲವೂ ಈ ಅವಧಿಯಲ್ಲಿ ಕೆಲಸ ಮಾಡಿಲ್ಲ ಎಂದು ಸಹಿ ಹಾಕುವವನು ನಾನು. ಮಾಲೀಕರು ಹಾಕುವುದಿಲ್ಲ. ಶಾಖಾ ಕಚೇರಿಯವರು ಬೇಕೆನಿಸಿದಾಗ ನಮೂನೆ 10 ಕಳುಹಿಸಿ, ಈ ಕಾರ್ಮಿಕ ಇಂಥ ದಿನದಿಂದ ಇಂಥ ದಿನದವರೆಗೆ ನಿಜವಾಗಿ ಗೈರುಹಾಜರಾಗಿದ್ದನೇ ಎಂದು ಕಾರ್ಖಾನೆಯನ್ನು ಕೇಳುತ್ತಾರೆ. ಗೇಟಿನ ಪುಸ್ತಕದಲ್ಲೋ ಕ್ಯಾಂಟೀನ್ ಚೀಟಿಯಲ್ಲೋ ನನ್ನ ಹೆಸರು ಕಾಣಿಸಿಕೊಂಡರೆ, "ಸುಮ್ಮನೆ ಬಂದು ಕೂತಿದ್ದೆ" ಎಂಬ ಮಾತಿಗೆ ಬೆಲೆ ಇರುವುದಿಲ್ಲ. ಇನ್ನೂ ಒಂದು ಅಪಾಯವಿತ್ತು. ಆ ಅರೆಬರೆ ದಿನಗಳಲ್ಲಿ ಮತ್ತೊಂದು ಗಾಯವಾದರೆ, ದಾಖಲೆಯ ಪ್ರಕಾರ ನಾನು ಕಾರ್ಖಾನೆಯಲ್ಲಿ ಇರಲೇ ಇಲ್ಲ. ಇದನ್ನೆಲ್ಲ ಫೋನಿನಲ್ಲಿ ವಾದಿಸದೆ, "ಡಾಕ್ಟರ್ ಫಿಟ್ ಅಂತ ಬರೆದುಕೊಟ್ಟ ದಿನ ಖಂಡಿತ ಬರ್ತೀನಿ ಮೇಡಂ, ಅಲ್ಲೀವರೆಗೆ ಬೇಡ" ಎಂದಷ್ಟೇ ಹೇಳಿದೆ. ಅವರಿಗೆ ಬೇಸರವಾಯಿತು. ನನ್ನನ್ನು ತೆಗೆದುಹಾಕುತ್ತಾರೇನೋ ಎಂದು ಮನೆಯಲ್ಲಿ ಭಯಪಟ್ಟರು. ತಾತ್ಕಾಲಿಕ ಅಂಗವೈಕಲ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ವಜಾ ಮಾಡಲು ಅದೇ ಕಾಯ್ದೆಯ 73ನೇ ಕಲಮು ಅವಕಾಶ ಕೊಡುವುದಿಲ್ಲ ಎಂಬುದು ಗೊತ್ತಿದ್ದರಿಂದ ನಾನು ಅಷ್ಟಾಗಿ ಹೆದರಲಿಲ್ಲ.

ಕೆಲಸಕ್ಕೆ ಮರಳುವ ದಿನವನ್ನು ಕೊನೆಗೆ ನಿರ್ಧರಿಸಿದ್ದು ನಾನೂ ಅಲ್ಲ, ಕಾರ್ಖಾನೆಯೂ ಅಲ್ಲ, ನನ್ನ ಡಿಸ್ಪೆನ್ಸರಿಯ ವೈದ್ಯರು. ಅವರು ಗಾಯದ ಗುರುತನ್ನು ಒತ್ತಿ ನೋಡಿದರು, ಮುಷ್ಟಿ ಕಟ್ಟಲು ಹೇಳಿದರು, ತಮ್ಮ ಎರಡು ಬೆರಳು ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿದರು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು ಮೂರೂ ಚೆನ್ನಾಗಿ ಹಿಡಿದವು, ತೋರುಬೆರಳಿನ ಮೋಟು ಮಾತ್ರ ಗಾಳಿಯಲ್ಲಿ ನಿಂತಿತ್ತು. "ಯಾವ ಕೆಲಸ ಕೊಡ್ತಾರೆ?" ಎಂದು ಕೇಳಿದರು. ಪ್ರೆಸ್ ಮೇಲೆ ಬೇಡ ಎಂದು ಕೇಳಿಕೊಳ್ಳುತ್ತೇನೆ ಎಂದೆ. ಅಂತಿಮ ಪ್ರಮಾಣಪತ್ರದಲ್ಲಿ ವೈದ್ಯರು ಪರೀಕ್ಷೆ ಮಾಡಿದ ದಿನದಿಂದಲೇ, ಅಥವಾ ಹೆಚ್ಚೆಂದರೆ ಅದರ ನಂತರದ ಮೂರನೆಯ ದಿನದಿಂದ, ಕೆಲಸಕ್ಕೆ ಯೋಗ್ಯ ಎಂದು ಬರೆಯಬಹುದು. ಅಂದು ಶುಕ್ರವಾರ, ನನಗೆ ಸೋಮವಾರದಿಂದ ಎಂದು ಬರೆದರು. ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಅಲ್ಲೇ ನಿಂತು, ಹೆಸರು, ವಿಮಾ ಸಂಖ್ಯೆ, ಅಪಘಾತದ ದಿನಾಂಕ, ಕೆಲಸಕ್ಕೆ ಯೋಗ್ಯನಾಗುವ ದಿನಾಂಕ, ಮೊಹರು ಎಲ್ಲವನ್ನೂ ಒಂದೊಂದಾಗಿ ಓದಿ ನೋಡಿದೆ. ವಿಮಾ ಸಂಖ್ಯೆಯಲ್ಲಿ ಒಂದು ಅಂಕಿ ಅಳಿಸಿದಂತಿತ್ತು, ಮತ್ತೆ ಬರೆಸಿ ಪಕ್ಕದಲ್ಲಿ ವೈದ್ಯರ ಸಹಿ ಹಾಕಿಸಿದೆ. ಯಾರಾದರೂ ಇದನ್ನು ಓದಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಲಿ: ಅಂತಿಮ ಪ್ರಮಾಣಪತ್ರವನ್ನು ಒಪ್ಪಿಸುವ ಮುನ್ನ ಅದರ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಬೇಕು, ಶಾಖಾ ಕಚೇರಿಯಲ್ಲಿ ಕೊಡುವಾಗ ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು.

ಅದೇ ಮಧ್ಯಾಹ್ನ ಶಾಖಾ ಕಚೇರಿಗೆ ಹೋಗಿ ಕೊನೆಯ ನಮೂನೆ 9ನ್ನು ತುಂಬಿದೆ. ಕೆಲಸಕ್ಕೆ ಮರಳುವ ದಿನಾಂಕವನ್ನು ಬರೆಯುವ ಜಾಗದಲ್ಲಿ ಸೋಮವಾರದ ದಿನಾಂಕ ಹಾಕಿದೆ. ಭತ್ಯೆ ಭಾನುವಾರದವರೆಗೆ ಸಲ್ಲುತ್ತದೆ, ಸೋಮವಾರದಿಂದ ವೇತನ, ನಡುವೆ ಒಂದು ದಿನವೂ ಎರಡೂ ಕಡೆ ಬೀಳಬಾರದು, ಎರಡೂ ಕಡೆ ತಪ್ಪಿಹೋಗಲೂ ಬಾರದು. ಕೌಂಟರಿನಲ್ಲಿದ್ದ ಗುಮಾಸ್ತರು ಕಾಗದ ನೋಡಿ, "ಮುಗೀತಲ್ಲ ಹಾಗಾದ್ರೆ" ಎಂದರು. ಮಂಡಳಿಗೆ ಕಳುಹಿಸುವಂತೆ ಅರ್ಜಿ ಕೊಡುತ್ತೇನೆ ಎಂದಾಗ, "ಡ್ಯೂಟಿಗೆ ಹೋಗ್ತಾ ಇದ್ದೀರಲ್ಲ, ಮತ್ಯಾಕೆ?" ಎಂದು ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಕೇಳಿದರೆಂದು ನನಗೆ ಅನ್ನಿಸಲಿಲ್ಲ. ಆದರೆ ಇಂಥ ಒಂದು ಪ್ರಶ್ನೆಯೇ ಸಾಕು, ಅರ್ಧದಷ್ಟು ಜನ ಅಲ್ಲಿಂದ ತಿರುಗಿ ಹೊರಟುಬಿಡುತ್ತಾರೆ.

ಮತ್ಯಾಕೆ ಎಂಬುದಕ್ಕೆ ಆ ಕಾಯ್ದೆಯಲ್ಲಿ ಸ್ಪಷ್ಟ ಉತ್ತರವಿತ್ತು. ತಾತ್ಕಾಲಿಕ ಭತ್ಯೆ ಕಳೆದುಹೋದ ಕೂಲಿಗೆ ಸಂಬಂಧಿಸಿದ್ದು, ಕೂಲಿ ಮತ್ತೆ ಬರತೊಡಗಿದಾಗ ಅದು ನಿಲ್ಲುವುದು ನ್ಯಾಯವೇ. ಶಾಶ್ವತ ಭತ್ಯೆ ಕಳೆದುಹೋದ ಗಳಿಕೆಯ ಸಾಮರ್ಥ್ಯಕ್ಕೆ ಸಂಬಂಧಿಸಿದ್ದು. ಕೆಲಸಕ್ಕೆ ಮರಳಿದ ಮಾತ್ರಕ್ಕೆ ಬೆರಳು ಮರಳಿ ಬರುವುದಿಲ್ಲ. ಮುಂದೆ ಈ ಕಾರ್ಖಾನೆ ಮುಚ್ಚಿದರೆ, ಬೇರೆ ಗೇಟಿನ ಮುಂದೆ ಕೆಲಸ ಕೇಳಲು ನಿಂತಾಗ, ಎರಡು ಮೋಟು ಬೆರಳಿನ ಆಪರೇಟರನನ್ನು ನೋಡುವ ಕಣ್ಣು ಬೇರೆಯಾಗಿರುತ್ತದೆ. ಆದ್ದರಿಂದಲೇ ಈ ಭತ್ಯೆ ಜೀವನಪರ್ಯಂತ ಸಲ್ಲುತ್ತದೆ, ವೇತನದ ಜೊತೆಗೇ ಸಲ್ಲುತ್ತದೆ, ಮತ್ತು ತಾತ್ಕಾಲಿಕ ಭತ್ಯೆ ನಿಂತ ಮರುದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಅರ್ಜಿಗೆ ಮಾತ್ರ ಗಡುವಿದೆ: ಅಂತಿಮ ಪ್ರಮಾಣಪತ್ರ ಸಿಕ್ಕ ದಿನದಿಂದ 12 ತಿಂಗಳೊಳಗೆ ಮಂಡಳಿಯ ಪರೀಕ್ಷೆಗೆ ಕೋರಬೇಕು. ನಮ್ಮದೇ ಶಾಪಿನಲ್ಲಿ ವರ್ಷಗಳ ಹಿಂದೆ ಕಿರುಬೆರಳು ಕಳೆದುಕೊಂಡಿದ್ದ ಹಿರಿಯರೊಬ್ಬರು, ಕಾರ್ಖಾನೆಯವರು ಕರೆದರೆಂದು ಅಂತಿಮ ಪ್ರಮಾಣಪತ್ರವನ್ನೇ ಪಡೆಯದೆ ಕೆಲಸಕ್ಕೆ ಹೋಗಿ, ಮಂಡಳಿ ಎಂಬುದೊಂದಿದೆ ಎಂದೇ ತಿಳಿಯದೆ ಉಳಿದಿದ್ದರು. ಅವರಿಗೆ ಸಲ್ಲಬೇಕಾಗಿದ್ದ ಹಣವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಸೋಮವಾರ ಕೆಲಸಕ್ಕೆ ಹಾಜರಾದೆ. ಅಂತಿಮ ಪ್ರಮಾಣಪತ್ರದ ನಕಲಿನೊಂದಿಗೆ ಎಚ್‌ಆರ್‌ಗೆ ಒಂದು ಪತ್ರವನ್ನೂ ಕೊಟ್ಟೆ. ಅದರಲ್ಲಿ ಎರಡು ಕೋರಿಕೆಗಳಿದ್ದವು. ಒಂದು, ನಾನು ಗೈರಾಗಿದ್ದ ಅವಧಿ ಕೆಲಸದಿಂದಾದ ಗಾಯದ ಕಾರಣಕ್ಕೆ ಎಂದು ಹಾಜರಿಯಲ್ಲಿ ದಾಖಲಾಗಬೇಕು. ಗ್ರಾಚ್ಯುಟಿಗೂ ಬೋನಸ್ಸಿಗೂ ದಿನ ಲೆಕ್ಕ ಹಾಕುವಾಗ ಕೆಲಸದಲ್ಲಾದ ಅಪಘಾತದಿಂದ ಬಂದ ತಾತ್ಕಾಲಿಕ ಅಂಗವೈಕಲ್ಯದ ದಿನಗಳನ್ನು ದುಡಿದ ದಿನಗಳೆಂದೇ ಪರಿಗಣಿಸಬೇಕೆಂದು ಅವುಗಳ ಆಗಿನ ಕಾಯ್ದೆಗಳು ಹೇಳುತ್ತಿದ್ದವು, ಹಾಜರಿ ಪುಸ್ತಕದಲ್ಲಿ ಸುಮ್ಮನೆ ವೇತನರಹಿತ ರಜೆ ಎಂದು ಬಿದ್ದರೆ ಮುಂದೆ ಅದನ್ನು ಸಾಬೀತು ಮಾಡುತ್ತ ಕೂರಬೇಕಾಗುತ್ತದೆ. ಎರಡನೆಯದು, ಪ್ರೆಸ್ ಬದಲು ಬೇರೆ ಕೆಲಸ ಕೊಡಬೇಕು ಎಂಬುದು. ಅಂಗವೈಕಲ್ಯ ಬಂದ ನೌಕರನ ದರ್ಜೆ ಇಳಿಸಬಾರದು, ಕೆಲಸದಿಂದ ತೆಗೆಯಬಾರದು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮಂಥ ಖಾಸಗಿ ಘಟಕದಲ್ಲಿ ಅದನ್ನು ಹಕ್ಕೆಂದು ಕೇಳುವಂತಿರಲಿಲ್ಲ, ಹಾಗಾಗಿ ಕೋರಿಕೆಯೆಂದೇ ಬರೆದೆ. ಅದೇ ವೇತನದಲ್ಲಿ ಕ್ವಾಲಿಟಿ ವಿಭಾಗಕ್ಕೆ ಹಾಕಿದರು.

ಹೊಸ ಕೆಲಸ ಹಗುರವೆಂದು ನೋಡಿದವರಿಗೆ ಅನ್ನಿಸಬಹುದು. ಬಲಗೈಯಲ್ಲಿ ವರ್ನಿಯರ್ ಹಿಡಿದು ಎಡಗೈಯಲ್ಲಿ ಬಿಡಿಭಾಗ ಹಿಡಿದು ಅಳತೆ ನೋಡಬೇಕು. ಎಣ್ಣೆ ಹತ್ತಿದ ಸಣ್ಣ ಬ್ರಾಕೆಟ್ ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ನಿಲ್ಲದೆ ಜಾರಿ ಬೀಳುತ್ತಿತ್ತು. ತೋರುಬೆರಳು ಇರಬೇಕಾದ ಕಡೆ ಮನಸ್ಸು ಇನ್ನೂ ಅದನ್ನು ಬಾಗಿಸಲು ಹೋಗುತ್ತಿತ್ತು. ಬೆಳಗಿನ ಪಾಳಿಯಲ್ಲಿ ಟ್ಯಾಂಕಿನ ತಣ್ಣೀರಿಗೆ ಕೈ ಒಡ್ಡಿದರೆ ಮೋಟಿನ ತುದಿಯಿಂದ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ಕ್ವಾಲಿಟಿಯ ಹುಡುಗನೊಬ್ಬ ಬಿಡಿಭಾಗ ಕೂರಿಸಲು ಮರದ ತುಂಡಿನಲ್ಲಿ ಒಂದು ಗುಳಿ ಕೊರೆದು ಕೊಟ್ಟ ಮೇಲೆ ಕೆಲಸ ಸಲೀಸಾಯಿತು.

ಮಂಡಳಿಯ ಕರೆಪತ್ರ ಬಂದಾಗ ಚಳಿಗಾಲ ಮುಗಿಯುತ್ತ ಬಂದಿತ್ತು. ಎಕ್ಸ್‌ರೇಗಳು, ಆಸ್ಪತ್ರೆಯ ಬಿಡುಗಡೆ ಚೀಟಿ, ನಮೂನೆ 12ರ ಪ್ರತಿ, ಅಂತಿಮ ಪ್ರಮಾಣಪತ್ರದ ನಕಲು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಜೋಡಿಸಿಕೊಂಡು, ಕಾರ್ಖಾನೆಯಲ್ಲಿ ಆ ದಿನಕ್ಕೆ ರಜೆ ಬರೆದು ಹೋದೆ. ಹೊರಗಿನ ಸಾಲಿನಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಕೈಗೆ ಪೆಟ್ಟಾದವರು, ಒಬ್ಬ ಗಾರ್ಮೆಂಟ್ಸ್‌ನ ಹೆಣ್ಣುಮಗಳ ಬೆರಳಿಗೆ ಬಟ್ಟೆ ಕತ್ತರಿಸುವ ಯಂತ್ರದಿಂದ ಗಾಯವಾಗಿತ್ತು. ಒಳಗೆ ವೈದ್ಯರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂಳೆ ಎಲ್ಲಿಯವರೆಗೆ ಇದೆ ಎಂದು ನೋಡಿದರು, ಉಳಿದ ಗೆಣ್ಣು ಎಷ್ಟು ಬಾಗುತ್ತದೆ ಎಂದು ಅಳೆದರು, ಮೇಜಿನ ಮೇಲಿನ ನಾಣ್ಯವನ್ನು ಎಡಗೈಯಲ್ಲಿ ಎತ್ತಲು ಹೇಳಿದರು, ಅಂಗಿಯ ಗುಂಡಿ ಹಾಕಿ ತೋರಿಸಲು ಹೇಳಿದರು. ನಾಣ್ಯವನ್ನು ಮೇಜಿನ ಅಂಚಿಗೆ ಜಾರಿಸಿ ಎತ್ತಿದೆ. ಈಗ ಕೆಲಸ ಮಾಡುತ್ತಿದ್ದೀರಾ ಎಂದು ಕೇಳಿದಾಗ ಹೌದೆಂದೂ, ಯಾವ ಕೆಲಸವೆಂದೂ ಮುಚ್ಚುಮರೆಯಿಲ್ಲದೆ ಹೇಳಿದೆ. ಕೆಲಸಕ್ಕೆ ಹೋಗುತ್ತಿರುವುದನ್ನು ಹೇಳಿದರೆ ಶೇಕಡಾವಾರು ಕಡಿಮೆ ಮಾಡುತ್ತಾರೆಂದು ಹೊರಗಿನ ಸಾಲಿನಲ್ಲಿ ಒಬ್ಬರು ಪಿಸುಗುಟ್ಟಿದ್ದರು, ಅದನ್ನು ನಂಬುವ ಅಗತ್ಯವಿಲ್ಲ.

ಬೆರಳಿನ ಗಾಯಗಳಿಗೆ ಎಷ್ಟೆಂದು ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲೇ ಪಟ್ಟಿಯಿತ್ತು, ಬಲಗೈ ಎಡಗೈ ಎಂಬ ಭೇದವಿರಲಿಲ್ಲ. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30 ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ. 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಾದರೆ 9. ನಡುಬೆರಳಿಗೆ ಇದೇ ಕ್ರಮದಲ್ಲಿ 12, 9, 7. ನನ್ನದು 11 ಮತ್ತು 7, ಒಟ್ಟು ಶೇ. 18, ಅಂತಿಮ ನಿರ್ಧಾರ ಎಂದು ಮಂಡಳಿಯ ಆದೇಶ ಬಂತು. ಕೆಲವರಿಗೆ ತಾತ್ಕಾಲಿಕ ನಿರ್ಧಾರ ಎಂದು ಬರೆದು ಸ್ವಲ್ಪ ಕಾಲದ ನಂತರ ಮತ್ತೆ ಪರೀಕ್ಷೆಗೆ ಕರೆಯುತ್ತಾರೆ. ಆದೇಶ ಒಪ್ಪಿಗೆಯಾಗದಿದ್ದರೆ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಹಿಡಿತದ ದೌರ್ಬಲ್ಯಕ್ಕೆ ಇನ್ನಷ್ಟು ಕೇಳಬಹುದೆಂದು ಸಂಘದ ಹಿರಿಯರು ಹೇಳಿದರು. ಅನುಸೂಚಿಯಲ್ಲಿರುವಷ್ಟೂ ಬಂದಿತ್ತು, ಉಳಿದ ಬೆರಳುಗಳು ಚೆನ್ನಾಗಿದ್ದವು, ನಾನು ಮೇಲ್ಮನವಿ ಹಾಕಲಿಲ್ಲ.

ಈ ಶೇ. 18 ಎಂಬುದನ್ನು ಸರ್ಕಾರಿ ಆಸ್ಪತ್ರೆಯ ಅಂಗವೈಕಲ್ಯ ಪ್ರಮಾಣಪತ್ರದ ಶೇಕಡಾವಾರಿನೊಡನೆ ಬೆರೆಸಬಾರದು. ಮೀಸಲಾತಿ, ರಾಜ್ಯ ಸರ್ಕಾರದ ಮಾಸಾಶನ ಮುಂತಾದವಕ್ಕೆ ಕನಿಷ್ಠ ಶೇ. 40 ಇರಬೇಕು, ಅದನ್ನು ಅಳೆಯುವ ಕ್ರಮವೂ ಬೇರೆ. ಇಎಸ್‌ಐ ಭತ್ಯೆಗೆ ಅಂಥ ಕನಿಷ್ಠ ಮಿತಿಯಿಲ್ಲ, ತುದಿಬೆರಳಿನ ಗಾಯಕ್ಕೂ ಅದರದೇ ಆದ ಅಂಕಿಯಿದೆ.

ಲೆಕ್ಕ ಸರಳವಾಗಿತ್ತು. ತಾತ್ಕಾಲಿಕ ಭತ್ಯೆಯಾಗಿ ಬರುತ್ತಿದ್ದ ದಿನಕ್ಕೆ 540 ರೂಪಾಯಿಯ ಶೇ. 18 ಎಂದರೆ 97 ರೂಪಾಯಿ 20 ಪೈಸೆ, ಮೂವತ್ತು ದಿನದ ತಿಂಗಳಿಗೆ 2,916 ರೂಪಾಯಿ. ನಾನು ಕೆಲಸಕ್ಕೆ ಮರಳಿದ ಸೋಮವಾರದಿಂದ ಲೆಕ್ಕ ಹಿಡಿದು ಬಾಕಿಯನ್ನು ಒಟ್ಟಾಗಿ ಖಾತೆಗೆ ಹಾಕಿದರು. ಅಂತಿಮ ಪ್ರಮಾಣಪತ್ರದಲ್ಲಿ ಆ ದಿನಾಂಕ ಸ್ಪಷ್ಟವಾಗಿ ಇದ್ದುದರಿಂದ ಎಲ್ಲಿಂದ ಆರಂಭ ಎಂಬ ಪ್ರಶ್ನೆಯೇ ಏಳಲಿಲ್ಲ. ಆ ಬಾಕಿಯಲ್ಲಿ ಅಪಘಾತದ ಕಾಲದಲ್ಲಿ ಒತ್ತೆ ಇಟ್ಟಿದ್ದ ಹೆಂಡತಿಯ ಬಳೆಗಳನ್ನು ಬಿಡಿಸಿಕೊಂಡು ಬಂದೆವು.

ಕಾಲಕಾಲಕ್ಕೆ ಬದುಕಿರುವ ಬಗ್ಗೆ ಪ್ರಮಾಣಪತ್ರ ಕೊಡಬೇಕು, ಅದನ್ನು ಮರೆತರೆ ಹಣ ತಡೆಯಾಗುತ್ತದೆ. ಜ್ವರವೋ ಬೇರೆ ಕಾಯಿಲೆಯೋ ಬಂದು ಕಾಯಿಲೆ ಭತ್ಯೆ ಪಡೆದರೂ ಶಾಶ್ವತ ಭತ್ಯೆಗೆ ತೊಂದರೆಯಿಲ್ಲ, ಎರಡನ್ನೂ ಒಟ್ಟಿಗೆ ಪಡೆಯಲು ಅಡ್ಡಿಯಿಲ್ಲ. ಆಮೇಲೆ ನನ್ನ ವೇತನ ಇಎಸ್‌ಐ ಮಿತಿಯಾದ 21,000 ರೂಪಾಯಿ ದಾಟಿತು. ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಸಂಬಳದಲ್ಲಿ ಹಿಡಿಯುತ್ತಿದ್ದ ಶೇ. 0.75 ನಿಂತಿತು, ಮುಂದೆ ಕುಟುಂಬಕ್ಕಿದ್ದ ಇಎಸ್‌ಐ ಚಿಕಿತ್ಸೆಯೂ ಇಲ್ಲವಾಯಿತು. ಬೆರಳಿನ ಭತ್ಯೆ ಮಾತ್ರ ಹಾಗೆಯೇ ಬರುತ್ತಿದೆ. ಅದರಲ್ಲಿ ಒಂದಿಷ್ಟನ್ನು ತಿಂಗಳು ತಿಂಗಳು ಬೇರೆ ಇಟ್ಟು, ಮನೆಯವರೆಲ್ಲರಿಗೂ ಸೇರಿದ ಆರೋಗ್ಯ ವಿಮೆಯ ಕಂತು ಕಟ್ಟುತ್ತಿದ್ದೇನೆ.